ಎರಡು ಬಾರಿ ಇಳಿದ ಸರಕು

ಊಟದ ಮೇಜು ಕೊರಿಯಾದ ಪಾಲಾಗಿ ಇಪ್ಪತ್ತೆರಡು ದಿನವಾಗಿತ್ತು. ವಿಶಾಖಪಟ್ಟಣದ ಅಂಚಿನ ದುವ್ವಾಡದ ಆ ಬಾಡಿಗೆ ಮನೆಯ ನಡುಮನೆಯಲ್ಲಿ ಆರು ಕುರ್ಚಿಯ ಮೇಜಿನ ತುಂಬ ಅಮೂಲ್ಯಳ ಕಾಗದಗಳು ಹರಡಿಕೊಂಡಿದ್ದವು. ಅಪ್ಪ, ಅಮ್ಮ, ಮಗಳು ಮೂವರೂ ಅಡುಗೆಮನೆಯ ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಅಪ್ಪ ಗುರುಪ್ರಸಾದರಿಗೆ ಮಂಡಿ ನೋವು. ಕೂರುವಾಗ ಒಂದು ಸಲ, ಏಳುವಾಗ ಒಂದು ಸಲ ಗೋಡೆ ಹಿಡಿಯಬೇಕು.

"ಮೊದಲು ಒಂದು ಮೂಲೆ ಕೇಳಿದಳು. ಆಮೇಲೆ ಅರ್ಧ. ಈಗ ನಮಗೆ ಉಪ್ಪಿನಕಾಯಿ ಬಾಟ್ಲಿ ಇಡೋಕೂ ಜಾಗ ಇಲ್ಲ," ಎಂದರು ಅವರು, ಸಾರನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತ. "ನಿನ್ನ ಜಪಾನಿನವರೂ ಕೊರಿಯಾಕ್ಕೆ ಹೀಗೇ ತಾನೆ ಬಂದಿದ್ದು?"

"ಹೀಗೇ ಅಪ್ಪ. ಅವರು ನೆಲಬಾಡಿಗೆ ಆದ್ರೂ ಕೊಡ್ತಿದ್ರು. ನಾನು ಅದೂ ಕೊಡ್ತಿಲ್ಲ."

ಅಮ್ಮ ಲೀಲಾವತಿ ನಗಲಿಲ್ಲ, ಆದರೆ ಇಬ್ಬರೂ ಜಗಳವಾಡದೆ ಉಣ್ಣುತ್ತಿದ್ದಾರೆಂದು ಸಮಾಧಾನಪಟ್ಟುಕೊಂಡು ಎರಡನೆಯ ಸುತ್ತು ಪಲ್ಯ ಬಡಿಸಿದರು.

ಅಮೂಲ್ಯಳಿಗೆ ಮೂವತ್ತೊಂದು ವರ್ಷ. ಏಳು ವರ್ಷದಿಂದ ವಿಶಾಖಪಟ್ಟಣದ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪಿಎಚ್‌ಡಿ ಮಾಡುತ್ತಿದ್ದಳು. ನೂರೈವತ್ತು ವರ್ಷಗಳ ಹಿಂದೆ ಕೊರಿಯಾ ದೇಶ ತನ್ನ ಬಂದರುಗಳನ್ನು ಹೊರಗಿನವರಿಗೆ ತೆರೆದ ಕಾಲ ಅವಳ ವಿಷಯ. ಮೊದಲು ತೆರೆದದ್ದು ಬೂಸಾನ್, ನಾಲ್ಕು ವರ್ಷಕ್ಕೆ ವೊನ್ಸಾನ್, ಮತ್ತೆ ಮೂರು ವರ್ಷಕ್ಕೆ ಇಂಚಾನ್. ಜಪಾನಿನ ವರ್ತಕರು, ಚೀನಾದ ವರ್ತಕರು ಬಂದು ಹಡಗು ನಿಲ್ಲುವ ದಕ್ಕೆಯ ಪಕ್ಕದಲ್ಲೇ ನೆಲ ಹಿಡಿದು ತಮ್ಮದೇ ಬೀದಿ, ತಮ್ಮದೇ ಅಂಗಡಿ, ತಮ್ಮದೇ ಪೊಲೀಸು ಇಟ್ಟುಕೊಂಡರು. ಇಂಗ್ಲೆಂಡಿನ ಮಿಲ್ಲಿನ ಬಟ್ಟೆ ತಂದು ಇಳಿಸಿದರು. ಅಕ್ಕಿ, ಸೋಯಾ ಅವರೆ, ಹಸುವಿನ ತೊಗಲು ತುಂಬಿಕೊಂಡು ಹೋದರು. ಹೊಸ ಬಂದರು ತೆರೆದ ಐದಾರು ವರ್ಷದಲ್ಲಿ ಹೊರಗಿನ ಸರಕು ಎರಡು ಪಟ್ಟಾಯಿತು, ಪರದೇಶದವರ ಬೀದಿಗಳು ಬೆಳೆದದ್ದು ಆ ಸರಕಿನ ಬಲದಿಂದಲೇ ಎಂದು ತೋರಿಸಲು ಅಮೂಲ್ಯ ಹೊರಟಿದ್ದಳು. ಆಗಿನ ಸರಕಿನ ಪಟ್ಟಿಗಳನ್ನು ಇಂಚಾನಿನ ಒಂದು ಸಂಗ್ರಹಾಲಯದಿಂದ ತರಿಸಿಕೊಂಡು, ಇಂಗ್ಲಿಷಿಗೆ ಇಳಿಸಿ, ಆ ಪಟ್ಟಿಗಳ ಮೇಲೆಯೇ ಇಡೀ ಪ್ರಬಂಧ ಕಟ್ಟಿದ್ದಳು.

ಪ್ರಬಂಧ ಒಪ್ಪಿಸಲು ಜೂನ್ ಮೂವತ್ತು ಕೊನೆಯ ದಿನ. ಆ ತಾರೀಖಿನ ಮೇಲೆ ಮನೆಯವರೆಲ್ಲರ ಕಾಲೂ ನಿಂತಿತ್ತು. ವಿಜಯವಾಡದಲ್ಲಿ ಬ್ಯಾಂಕ್ ಅಧಿಕಾರಿಯಾಗಿರುವ ಮಗ ಧನಂಜಯ, ತನ್ನ ಶಾಖೆಯ ಗ್ರಾಹಕರಾದ ಮಾಧವೀಲತಾ ಎಂಬುವರ ಕಾಲೇಜಿನಲ್ಲಿ ತಂಗಿಗೆ ಉಪನ್ಯಾಸಕಿಯ ಕೆಲಸ ಮಾತಾಡಿಟ್ಟಿದ್ದ. ಪ್ರಬಂಧ ಒಪ್ಪಿಸಿದ ರಸೀತಿ ತಂದರೆ ಜುಲೈನಲ್ಲಿ ಕೆಲಸ. ಅವನ ಹೆಂಡತಿ ಅರ್ಪಿತಾ ಮೂರು ವರ್ಷದ ಮೇಲೆ ಮತ್ತೆ ಆಫೀಸಿಗೆ ಹೋಗುವವಳಿದ್ದಳು. ಆರು ವರ್ಷದ ನಿಕಿತಾಳನ್ನು ನೋಡಿಕೊಳ್ಳಲು ಅಜ್ಜಿ ಬೇಕು. ಹಾಗಾಗಿ ಎಲ್ಲರೂ ವಿಜಯವಾಡಕ್ಕೆ ಹೋಗುವುದೆಂದಾಗಿ, ಗುರುಪ್ರಸಾದರು ಕೆಳಗಡೆಯೇ ಇದ್ದ ಮನೆಯೊಡತಿ ಕೋಟೇಶ್ವರಮ್ಮನಿಗೆ ಮನೆ ಬಿಡುತ್ತೇವೆಂದು ಹೇಳಿಯೂ ಆಗಿತ್ತು. ಆಕೆ ಆಗಲೇ ಪರವಾಡದ ಔಷಧಿ ಕಾರ್ಖಾನೆಯ ಯಾರಿಗೋ ಮನೆ ತೋರಿಸಿದ್ದರು.

ಕಳೆದ ವರ್ಷ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದಾಗಿನಿಂದ ಗುರುಪ್ರಸಾದರ ಕೈಗೆ ಕೆಲಸವಿರಲಿಲ್ಲ. ಮೂವತ್ತೈದು ವರ್ಷ ಕಚ್ಚಾ ಮಾಲಿನ ಅಂಗಳ ನೋಡಿಕೊಂಡಿದ್ದವರು ಈಗ ರಟ್ಟಿನ ಪೆಟ್ಟಿಗೆಗಳಿಗೆ ಪಾತ್ರೆ ತುಂಬಿ ಹಗ್ಗ ಕಟ್ಟುತ್ತಿದ್ದರು. ಕಟ್ಟಿದ ಪೆಟ್ಟಿಗೆಯಲ್ಲೇ ಒಗ್ಗರಣೆ ಸೌಟು ಸೇರಿಕೊಂಡಿದೆಯೆಂದು ಲೀಲಾವತಿ ಹೇಳಿದರೆ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಕೊನೆಯ ತಿಂಗಳು ಅಂಕಿ ಸರಿನೋಡುವ ಕೆಲಸ. ಇಂಗ್ಲಿಷಿಗೆ ಇಳಿಸಿದ ಪಟ್ಟಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಅಮೂಲ್ಯ ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಬೇಕು. ಅಪ್ಪ ಓದಿದರೆ ಪ್ರತಿ ಹಡಗಿಗೂ ಒಂದು ಟೀಕೆ. ಆ ತೂಕಕ್ಕೆ ಅಷ್ಟು ಕೂಲಿ ಯಾಕೆ, ಆ ದಕ್ಕೆಯಲ್ಲಿ ಕ್ರೇನ್ ಇತ್ತೋ ಇಲ್ಲವೋ. ಎರಡೇ ದಿನಕ್ಕೆ ಅವರನ್ನು ಬಿಡಿಸಿ ಅಮ್ಮನನ್ನು ಕೂರಿಸಿಕೊಂಡಳು.

ಲೀಲಾವತಿಗೆ ಇದು ಹೊಸ ಕೆಲಸವಾಗಿರಲಿಲ್ಲ. ಹೊಳೆನರಸೀಪುರದಲ್ಲಿ ಅವರ ತಂದೆ ಮೇಷ್ಟರು, ಗಮಕಿಗಳು. ಬೆಳಗಿನ ಹೊತ್ತು ಕಾವ್ಯ ವಾಚನದ ಅಭ್ಯಾಸಕ್ಕೆ ಕೂತಾಗ ಎದುರಿಗೆ ಮಗಳು ಕೂತಿರಬೇಕು. ಪುಸ್ತಕ ನೋಡಕೂಡದು, ಕಿವಿ ಮಾತ್ರ ಕೊಡಬೇಕು. ಸಾಲು ಬಿಟ್ಟರೆ, ಅಥವಾ ಓದಿದ್ದನ್ನೇ ಮತ್ತೆ ಓದಿದರೆ, ತೊಡೆಯ ಮೇಲೆ ಒಂದು ತಟ್ಟು ತಟ್ಟಬೇಕು. ಹತ್ತು ವರ್ಷ ಹಾಗೆ ಕೇಳಿ ಬೆಳೆದವರು. ಈಗ ಬೆಳಿಗ್ಗೆ ಪೂಜೆ, ಅಡುಗೆ ಮುಗಿಸಿ ಹತ್ತಕ್ಕೆ ಕನ್ನಡಕ ಒರೆಸಿಕೊಂಡು ಮೇಜಿಗೆ ಬಂದರೆ ಹನ್ನೆರಡೂವರೆಯವರೆಗೆ ಓದುತ್ತಿದ್ದರು. ಓದು ತಾನಾಗಿಯೇ ಒಂದು ರಾಗಕ್ಕೆ ಬೀಳುತ್ತಿತ್ತು. ಬಿಳಿ ಬಟ್ಟೆಯ ಬೇಲುಗಳು, ಸೂಜಿಯ ಪೆಟ್ಟಿಗೆಗಳು, ಬೆಂಕಿಪೊಟ್ಟಣ, ಬಣ್ಣದ ಪುಡಿ ಎಲ್ಲವೂ ಆ ರಾಗದಲ್ಲೇ ಇಳಿದು ಸಾಗುತ್ತಿದ್ದವು. ಅಮೂಲ್ಯ ಮೊದಮೊದಲು ನಕ್ಕಳು. ಆಮೇಲೆ ಅದಿಲ್ಲದೆ ಅವಳಿಗೂ ಕೆಲಸ ಓಡುತ್ತಿರಲಿಲ್ಲ. ಮಗಳು ಹೈಸ್ಕೂಲು ದಾಟಿದ ಮೇಲೆ ದಿನಕ್ಕೆ ಎರಡೂವರೆ ಗಂಟೆ ಒಟ್ಟಿಗೆ ಕೂತದ್ದು ಲೀಲಾವತಿಗೆ ನೆನಪಿರಲಿಲ್ಲ.

ಇಂಚಾನಿನ, ಬೂಸಾನಿನ ಪಟ್ಟಿಗಳು ಮುಗಿದು ವೊನ್ಸಾನಿನದು ಶುರುವಾದ ನಾಲ್ಕನೆಯ ದಿನ ಅವರು ಓದುತ್ತ ಓದುತ್ತ ತಮ್ಮ ತೊಡೆಯ ಮೇಲೆ ತಾವೇ ತಟ್ಟಿಕೊಂಡರು.

"ಯಾಕಮ್ಮ ನಿಲ್ಲಿಸಿದೆ?"

"ಏನಿಲ್ಲ. ಕುರೋಕಿ ಅಂತ ವರ್ತಕ. ಬಟ್ಟೆ ನಾನೂರ ಹನ್ನೆರಡು, ಸೂಜಿ ಹದಿನೆಂಟು, ಕಿಟಕಿ ಗಾಜು ಮೂವತ್ತೇಳು, ಬಣ್ಣ ಒಂಬತ್ತು."

"ಸರಿ ಇದೆ. ಮುಂದೆ ಓದು."

ಅವರು ಮುಂದೆ ಓದಿದರು. ಮಧ್ಯಾಹ್ನ ಅಮೂಲ್ಯ ತನ್ನ ಮಾರ್ಗದರ್ಶಕ ನಟರಾಜ ಅವರನ್ನು ಕಾಣಲು ಹೋದಾಗ ಬೂಸಾನಿನ ಕಟ್ಟು ಬಿಚ್ಚಿದರು. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಕುರೋಕಿ, ಅದೇ ನಾನೂರ ಹನ್ನೆರಡು, ಅದೇ ಹದಿನೆಂಟು, ಮೂವತ್ತೇಳು, ಒಂಬತ್ತು. ತಾರೀಖು ಮಾತ್ರ ಹನ್ನೊಂದು ದಿನ ಹಿಂದಿನದು. ಅದರ ಕೆಳಗೆ ಇನ್ನೊಬ್ಬ ವರ್ತಕನ ಸೀಮೆಎಣ್ಣೆ ಡಬ್ಬಿಗಳು. ಅವನ್ನೂ ವೊನ್ಸಾನಿನಲ್ಲಿ ಓದಿದ ನೆನಪು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಥವು ಇಪ್ಪತ್ತಾರು ಸಿಕ್ಕಿದ್ದವು.

ಗಂಡ ಕಾಫಿ ಕುಡಿಯುತ್ತಿದ್ದಾಗ ಕೇಳಿದರು. "ರೀ, ಬಂದರಿನಲ್ಲಿ ನಿಮ್ಮ ಕಲ್ಲಿದ್ದಲು ಇಳೀತಿತ್ತಲ್ಲ, ಅಲ್ಲೂ ತೂಗ್ತಿದ್ರಾ?"

"ಅಲ್ಲೂ ತೂಗೋದು. ವ್ಯಾಗನ್ನಲ್ಲಿ ನಮ್ಮ ಅಂಗಳಕ್ಕೆ ಬಂದ ಮೇಲೆ ಇಲ್ಲೂ ತೂಗೋದು."

"ಎರಡೂ ಕೂಡಿಸ್ತಿದ್ರಾ?"

"ಕೂಡಿಸಿದ್ರೆ ನಾನು ರಿಟೈರ್ ಆಗ್ತಿರಲಿಲ್ಲ, ಜೈಲಿಗೆ ಹೋಗ್ತಿದ್ದೆ. ಒಂದೇ ಕಲ್ಲಿದ್ದಲು ತಾನೆ? ಯಾಕೆ?"

ಲೀಲಾವತಿ ಎರಡು ಹಾಳೆ ತಂದು ಪಕ್ಕಪಕ್ಕ ಇಟ್ಟರು. ಗುರುಪ್ರಸಾದರು ಕಾಫಿ ಲೋಟ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಹೊರದೇಶದಿಂದ ಬೂಸಾನಿಗೆ ಬಂದಿಳಿದ ಸರಕನ್ನೇ ವರ್ತಕರು ಮತ್ತೆ ಹಡಗಿಗೆ ಹೇರಿ ವೊನ್ಸಾನಿಗೆ ಕಳಿಸಿದ್ದಾರೆ. ಅಲ್ಲಿನ ಗುಮಾಸ್ತ ಅದನ್ನು ಹೊರಗಿನ ಸರಕೆಂದು ಇನ್ನೊಮ್ಮೆ ಬರೆದುಕೊಂಡಿದ್ದಾನೆ. ಮಗಳು ಎರಡನ್ನೂ ಕೂಡಿಸಿದ್ದಾಳೆ. ಅದನ್ನು ಅರಿಯಲು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಹೇಳ್ಬೇಡ," ಎಂದರು ಕೊನೆಗೆ.

"ಅವಳಿಗೆ ಹೇಳದೆ?"

"ಲೀಲಾ, ಇನ್ನು ಹದಿಮೂರು ದಿನ ಇದೆ. ಈಗ ಹೇಳಿದ್ರೆ ಎಲ್ಲಾ ಕಿತ್ತು ಮತ್ತೆ ಕೂರ್ತಾಳೆ. ಸತ್ತು ನೂರು ವರ್ಷ ಆದ ವರ್ತಕರು ಬಂದು ಲೆಕ್ಕ ಕೇಳ್ತಾರಾ? ಕೆಲಸಕ್ಕೆ ಸೇರಲಿ. ಆಮೇಲೆ ಬೇಕಾದ್ರೆ ತಿದ್ದಿಕೊಳ್ಳಲಿ."

ಕಲ್ಲಿದ್ದಲಿನ ವಿಷಯದಲ್ಲಿ ಅವರು ಹೀಗೆ ಹೇಳುತ್ತಿದ್ದರೇ ಎಂದು ಲೀಲಾವತಿ ಕೇಳಲಿಲ್ಲ. ಹಾಳೆಗಳನ್ನು ಇದ್ದಲ್ಲೇ ಇಟ್ಟು ಅಕ್ಕಿ ತೊಳೆಯಲು ಹೋದರು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹತ್ತಕ್ಕೆ ಕೂತು ಓದಿದರು. ಆದರೆ ರಾಗ ಬರಲಿಲ್ಲ. ಗಂಟಲು ಕಟ್ಟಿದೆಯಾ ಎಂದು ಅಮೂಲ್ಯ ಕೇಳಿದಳು, ಬಿಸಿನೀರು ತಂದುಕೊಟ್ಟಳು. ಆ ನೀರು ಕುಡಿಯುವುದೇ ಲೀಲಾವತಿಗೆ ಕಷ್ಟವಾಯಿತು.

ಭಾನುವಾರ ಧನಂಜಯ ಹೆಂಡತಿ ಮಗುವಿನೊಡನೆ ಬಂದ. ಹೊಸ ಮನೆಯ ಫೋಟೋಗಳನ್ನು ಫೋನಿನಲ್ಲಿ ತಂದಿದ್ದ. ಬೆಂಜ್ ಸರ್ಕಲ್ಲಿನಿಂದ ಹತ್ತು ನಿಮಿಷ, ದೇವರ ಮನೆ ಬೇರೆ, ಲಿಫ್ಟ್ ಇದೆ. ಎಲ್ಲರೂ ನೆಲದ ಮೇಲೆ ಕೂತರು. ಅರ್ಪಿತಾ ಬಿಸಿಬೇಳೆಭಾತಿನ ಪಾತ್ರೆ ತಂದಿಟ್ಟಳು. ನಿಕಿತಾ ತಟ್ಟೆ ನೋಡಿ ಮುಖ ಸಿಂಡರಿಸಿ, "ಅಜ್ಜೀ, ನಾಕು ಪೆರುಗನ್ನಂ," ಎಂದಳು.

"ಮೊಸರನ್ನ ಅನ್ನು, ಕೊಡ್ತಾರೆ," ಎಂದ ಧನಂಜಯ. ಆಮೇಲೆ ಮೇಜಿನ ಕಡೆ ನೋಡಿ ತಂಗಿಗೆ ಹೇಳಿದ: "ಏನೇ, ಅಪ್ಪನ್ನ ಈ ವಯಸ್ಸಲ್ಲಿ ನೆಲಕ್ಕೆ ಕೂರಿಸಿದೀಯ. ಮುಗೀತಾ ನಿಂದು? ಮಾಧವೀಲತಾ ಗಾರು ಮೊನ್ನೆ ಮತ್ತೆ ಕೇಳಿದ್ರು. ನಾನು ಮೂವತ್ತಕ್ಕೆ ಗ್ಯಾರಂಟಿ ಅಂದಿದೀನಿ. ನನ್ನ ಮುಖ ಉಳಿಸು."

"ಇಪ್ಪತ್ತೆಂಟಕ್ಕೇ ಕೊಡ್ತೀನಿ ಕಣೋ. ವೊನ್ಸಾನ್ ಅರ್ಧ ಇದೆ ಅಷ್ಟೆ."

ಲೀಲಾವತಿ ಮೊಸರನ್ನ ಕಲಸುತ್ತಿದ್ದರು. ಕೈ ನಿಲ್ಲಿಸಿದರು. ಗಂಡ ತಮ್ಮನ್ನೇ ನೋಡುತ್ತಿದ್ದುದು ಗೊತ್ತಿತ್ತು.

"ಅಮೂಲ್ಯ, ಆ ಸರಕು ಎರಡು ಸಲ ಬಂದಿದೆ," ಎಂದರು.

"ಯಾವ ಸರಕು?"

"ಬೂಸಾನಲ್ಲಿ ಇಳಿದಿದ್ದೇ ವೊನ್ಸಾನಲ್ಲೂ ಇಳಿದಿದೆ. ನೀನು ಎರಡು ಕಡೆನೂ ಲೆಕ್ಕ ಹಿಡಿದಿದೀಯ."

ಅಮೂಲ್ಯ ತಲೆಯೆತ್ತಿದಳು. "ಅಮ್ಮ, ಅದು ಹಾಗಲ್ಲ. ಒಂದೇ ಥರದ ಸಾಮಾನು ಎರಡು ಊರಿಗೂ ಬಂದಿರತ್ತೆ. ನಿಂಗೆ ಇದೆಲ್ಲ ಗೊತ್ತಾಗಲ್ಲ. ನೀನು ಓದಿದರೆ ಸಾಕು, ಅಷ್ಟೇ ನಾನು ಕೇಳಿದ್ದು."

ಅರ್ಪಿತಾ ತಟ್ಟೆಯ ಕಡೆ ನೋಡಿದಳು. ಲೀಲಾವತಿ ಕೈ ತೊಳೆದು ಬಂದು, ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ ಹೇಳತೊಡಗಿದರು. ಬೂಸಾನು, ಮಾರ್ಚಿ ನಾಲ್ಕು, ಕುರೋಕಿ, ಬಟ್ಟೆ ಇಷ್ಟು, ಸೂಜಿ ಇಷ್ಟು. ವೊನ್ಸಾನು, ಮಾರ್ಚಿ ಹದಿನೈದು, ಕುರೋಕಿ, ಬಟ್ಟೆ ಅಷ್ಟೇ, ಸೂಜಿ ಅಷ್ಟೇ. ಆಮೇಲೆ ಸೀಮೆಎಣ್ಣೆಯವನು. ಆಮೇಲೆ ತಾಮ್ರದವನು. ಎರಡು ದಿನದಿಂದ ಬಾರದಿದ್ದ ರಾಗ ಈಗ ಬಂದಿತ್ತು. ಬೂಸಾನಿನ ಸಾಲೊಂದು ಏರಿದರೆ ವೊನ್ಸಾನಿನ ಸಾಲು ಅದೇ ಮಟ್ಟಿನಲ್ಲಿ ಇಳಿಯಿತು. ಒಂಬತ್ತು ಜೊತೆ ಹೇಳುವಷ್ಟರಲ್ಲಿ ಅಮೂಲ್ಯ ಎಂಜಲು ಕೈಯಲ್ಲೇ ಎದ್ದು ಮೇಜಿನ ಹತ್ತಿರ ಹೋಗಿದ್ದಳು.

"ನಿಮಗೆ ಗೊತ್ತಿತ್ತಾ ಅಪ್ಪ?" ಎಂದು ಅಲ್ಲಿಂದಲೇ ಕೇಳಿದಳು.

ಗುರುಪ್ರಸಾದರು ತಟ್ಟೆ ಬದಿಗೆ ಸರಿಸಿದರು. ಗೋಡೆ ಹಿಡಿದು ಎದ್ದರು.

ಆ ಮಧ್ಯಾಹ್ನ ಯಾರೂ ಮಲಗಲಿಲ್ಲ. ಧನಂಜಯನ ಮಾತು ಸರಳವಾಗಿತ್ತು. ಹೇಗಿದೆಯೋ ಹಾಗೆ ಕೊಟ್ಟುಬಿಡು, ರಸೀತಿ ತಗೋ, ಕೆಲಸಕ್ಕೆ ಸೇರು, ತಪ್ಪು ಯಾರಿಗಾದರೂ ಕಂಡರೆ ಆಗ ನೋಡೋಣ. ಬ್ಯಾಂಕಿನಲ್ಲಿ ಇಂಥದ್ದಾದರೆ ನೀನು ಹೀಗೆ ಮಾಡುತ್ತೀಯಾ ಎಂದು ಅಮೂಲ್ಯ ಕೇಳಿದಳು. ಅದು ಜನರ ದುಡ್ಡು, ಇದು ಕೊರಿಯಾದ ಸೂಜಿ ಎಂದ. ಏಳು ವರ್ಷ ಆ ಸೂಜಿ ಹುಡುಕಿದ್ದೇನೆ ಎಂದಳು ಅವಳು. ಏಳು ವರ್ಷ ನಿನ್ನನ್ನು ಸಾಕಿದವರಿದ್ದಾರೆ ಎಂದ. ಅದಾದ ಮೇಲೆ ಅಣ್ಣ ತಂಗಿ ಮಾತಾಡಲಿಲ್ಲ. ಅರ್ಪಿತಾ ಹೊರಡುವಾಗ ಅತ್ತೆಯ ಹತ್ತಿರ ಮಾತ್ರ ಮೆಲ್ಲಗೆ ಹೇಳಿದಳು. "ನಾನು ಸೋಮವಾರ ಆರನೇ ತಾರೀಖು ಸೇರ್ಬೇಕು ಅತ್ತೆ. ಇನ್ನೊಂದು ಸಲ ಆಗಲ್ಲ ಅಂದ್ರೆ ಅವರು ಬೇರೆಯವರನ್ನ ತಗೋತಾರೆ. ನಿಮ್ಮನ್ನೇ ನಂಬಿದೀನಿ."

ಅಮೂಲ್ಯ ಐದು ದಿನ ಒಬ್ಬಳೇ ಕೂತು ಎಣಿಸಿದಳು. ಅಮ್ಮನನ್ನು ಓದಲು ಕರೆಯಲಿಲ್ಲ. ಲೀಲಾವತಿ ಹತ್ತು ಗಂಟೆಗೆ ಕನ್ನಡಕ ಒರೆಸಿಕೊಂಡು, ಅದನ್ನು ಮತ್ತೆ ಡಬ್ಬಿಯಲ್ಲಿಟ್ಟು, ಹುಣಸೆಹಣ್ಣು ಬಿಡಿಸುತ್ತ ಅಡುಗೆಮನೆಯಲ್ಲೇ ಇದ್ದರು. ಆರನೆಯ ದಿನ ಮಗಳು ತಾನೇ ಬಂದು ಬಾಗಿಲಲ್ಲಿ ನಿಂತಳು.

"ಎರಡು ಪಟ್ಟು ಅಂತ ಬರೆದಿದ್ದೆ. ನೂರಕ್ಕೆ ಹನ್ನೊಂದು. ಅಷ್ಟೇ ಬೆಳೆದಿರೋದು." ಕೆಳಗೆ ಕೂತು ಅವಳೂ ಒಂದು ಹಣ್ಣು ಬಿಡಿಸತೊಡಗಿದಳು. "ಆ ಬೀದಿಗಳಲ್ಲಿ ಮನೆಗಳು ಮಾತ್ರ ಏರ್ತಾನೇ ಇದಾವೆ. ಸರಕು ಇಲ್ಲದೆ ಜನ ಯಾಕೆ ಬಂದು ಕೂತ್ರು ಅಂತ ಈಗ ಹುಡುಕ್ಬೇಕು. ನಟರಾಜ ಸರ್ ಒಂದು ಅಡಿಟಿಪ್ಪಣಿ ಹಾಕಿ ಕೊಟ್ಬಿಡು, ಸಹಿ ಮಾಡ್ತೀನಿ ಅಂದ್ರು."

"ಕೊಡ್ತೀಯಾ?"

"ಗೊತ್ತಿಲ್ಲದೆ ಇದ್ದಿದ್ರೆ ಕೊಟ್ಟಿರ್ತಿದ್ದೆ. ಈಗ ಹೇಗಮ್ಮ ಕೊಡ್ಲಿ? ಇನ್ನೂ ಆರು ತಿಂಗಳ ಗಡುವು ಕೊನೇ ಸಲ ಅಂತ ಸಿಗತ್ತಂತೆ." ಇನ್ನೊಂದು ಹಣ್ಣು ಕೈಗೆತ್ತಿಕೊಂಡು, "ಅವತ್ತು ನಿಂಗೆ ಗೊತ್ತಾಗಲ್ಲ ಅಂದೆ," ಎಂದಳು.

"ಬೀಜ ಬೇರೆ ಹಾಕು. ಅದರಲ್ಲೇ ಸೇರಿಸ್ತಿದೀಯ," ಎಂದರು ಲೀಲಾವತಿ.

ಗುರುಪ್ರಸಾದರು ಇದನ್ನೆಲ್ಲ ನಡುಮನೆಯಿಂದ ಕೇಳಿಸಿಕೊಂಡರು. ಚಪ್ಪಲಿ ಮೆಟ್ಟಿ ಕೆಳಗಿಳಿದರು. ಮನೆ ಬಿಡುವುದಿಲ್ಲ ಎಂದು ಕೋಟೇಶ್ವರಮ್ಮನಿಗೆ ಹೇಳಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆಕೆ ಹಾಡಿಹಾಡಿ ಬೈದರಂತೆ. ಕಾರ್ಖಾನೆಯವರು ನೋಡಿ ಒಪ್ಪಿದ ಮನೆ, ಈಗ ನಾನು ಏನೆಂದು ಹೇಳಲಿ, ಪೆದ್ದವಾರು, ಹಿರಿಯರಾದ ನೀವೇ ಹೀಗೆ ಮಾಡಬಹುದೇ ಎಂದರಂತೆ. ಕೊನೆಗೆ ಬಾಡಿಗೆ ಏರಿಸಿ ಒಪ್ಪಿದರು. ಮೇಲೆ ಬಂದು ಗುರುಪ್ರಸಾದರು ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದರು.

ಧನಂಜಯನಿಗೆ ಫೋನು ಮಾಡಿದರೆ ಅವನೇ ಮಾಧವೀಲತಾ ಅವರಿಗೆ ಮುಖ ತೋರಿಸಬೇಕಾಗುತ್ತದೆ. ಅದು ಸರಿಯಲ್ಲ, ತಾನೇ ಹೋಗಿ ಅವರಿಗೆ ಹೇಳಿ ಆಮೇಲೆ ಅಣ್ಣನಿಗೆ ಹೇಳುತ್ತೇನೆ ಎಂದಳು ಅಮೂಲ್ಯ. ಜುಲೈ ಮೂರರ ಬೆಳಗಿನ ರೈಲಿಗೆ ತಾಯಿ ಮಗಳು ಹೊರಟರು. ಲೀಲಾವತಿ ಒಂದು ದೊಡ್ಡ ಚೀಲ ತಂದಿದ್ದರು. ನಿಕಿತಾಗೆ ಹುರಿಹಿಟ್ಟು, ಚಕ್ಕುಲಿ ಇರಬೇಕೆಂದುಕೊಂಡು ಅಮೂಲ್ಯ ಅದನ್ನು ಎತ್ತಿ ಸೀಟಿನ ಕೆಳಗೆ ತಳ್ಳಿದಳು. ಇಷ್ಟು ಭಾರ ಯಾಕೆ ಎಂದು ಕೇಳಿದಳು. ಲೀಲಾವತಿ ಕಿಟಕಿಯಾಚೆ ನೋಡುತ್ತಿದ್ದರು.

ಮಾಧವೀಲತಾ ಕಾಲೇಜಿನ ಆಫೀಸಿನಲ್ಲಿ ಇಬ್ಬರಿಗೂ ಮಜ್ಜಿಗೆ ತರಿಸಿದರು. ಪೂರ್ತಿ ಕೇಳಿದರು. ಯಾರು ಕಂಡುಹಿಡಿದರು ಎಂದು ಕೇಳಿದಾಗ ಅಮೂಲ್ಯ ಅಮ್ಮನನ್ನು ತೋರಿಸಿದಳು. ಅಮ್ಮಗಾರು ಏನು ಓದಿದ್ದಾರೆ ಎಂದು ಅವರು ಕೇಳಿದರು. ಲೀಲಾವತಿ ತಮಗೆ ಬರುವ ತೆಲುಗಿನಲ್ಲಿ, ಓದಲಿಲ್ಲ, ಕೇಳಿದ್ದೇನೆ ಎಂದರು. ಮಾಧವೀಲತಾ ತಲೆದೂಗಿದರು, ಆದರೆ ಕೆಲಸ ಕಾಯಿಸಲು ಆಗುವುದಿಲ್ಲವೆಂದರು. ಗುಂಟೂರಿನ ಹಿಮಬಿಂದು ಎಂಬ ಹುಡುಗಿ ಪ್ರಬಂಧ ಒಪ್ಪಿಸಿದ್ದಾಳೆ, ನಾಳೆಯೇ ಕರೆಯುತ್ತೇವೆ. ಎದ್ದು ಬಾಗಿಲವರೆಗೂ ಬಂದು ಕಳಿಸಿದರು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬೆಂಜ್ ಸರ್ಕಲ್ಲಿನ ಫ್ಲೈಓವರಿನ ನೆರಳು ಸೇರಿ ನಿಂತಾಗ ಅಮೂಲ್ಯ ಚೀಲ ಕೆಳಗಿಟ್ಟು ಅಮ್ಮನ ಕಡೆ ತಿರುಗಿದಳು.

"ಅಣ್ಣ ಬ್ಯಾಂಕಲ್ಲಿ ಎಲ್ಲರ ಎದುರಿಗೆ ಕೂಗಾಡಿದ್ರೆ?"

"ಕೂಗಾಡಲ್ಲ. ಬಾ."

ಬ್ಯಾಂಕಿನಲ್ಲಿ ಪಿಂಚಣಿಯವರ ಗದ್ದಲ. ಧನಂಜಯ ಗಾಜಿನ ಕೋಣೆಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ. ನೇರ ಒಳಗೆ ಹೋಗೋಣವೆಂದರೆ ಲೀಲಾವತಿ ಒಪ್ಪಲಿಲ್ಲ. ಯಂತ್ರದಿಂದ ಒಂದು ಚೀಟಿ ಹರಿದುಕೊಂಡು, ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು, ಪಿಂಚಣಿಯ ಮುದುಕರ ಸಾಲಿನಲ್ಲಿ ಕೂತರು. ಅಷ್ಟರಲ್ಲಿ ಗಾಜಿನಾಚೆಯಿಂದ ಅವನೇ ನೋಡಿದ. ಎದ್ದು ಬಂದ. ತಂಗಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. ಆದದ್ದೇನೆಂದು ಅವನಿಗೆ ಅರ್ಥವಾಯಿತು.

"ಹೋಗಿ ಹೇಳಿಬಿಟ್ರಾ?"

"ಅವಳೇ ಹೇಳಿದಳು. ನಿನ್ನ ಹೆಸರಿಗೆ ಏನೂ ಆಗಿಲ್ಲ," ಎಂದರು ಲೀಲಾವತಿ.

ಅವನು ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು. "ಆ ಮನೆಗೆ ಅಡ್ವಾನ್ಸ್ ಕೊಟ್ಟಿದೀನಮ್ಮ. ಅರ್ಪಿತಾ ಸೋಮವಾರ ಸೇರಬೇಕು. ರಾತ್ರಿಯೆಲ್ಲ ಅವಳು ಫೈಲ್ ಜೋಡಿಸ್ತಾ ಇದಾಳೆ. ಈಗ ಮನೆಗೆ ಹೋಗಿ ನಾನು ಅವಳಿಗೆ ಏನು ಹೇಳಲಿ?"

"ಅವಳು ಸೋಮವಾರ ಸೇರಲಿ. ನಾನು ಇರ್ತೀನಿ."

"ಯಾವಾಗಿಂದ?"

"ಇವತ್ತಿಂದ."

ಅಮೂಲ್ಯ ಚೀಲದ ಕಡೆ ನೋಡಿದಳು. ಜಿಪ್ಪಿನ ಸಂದಿಯಲ್ಲಿ ಅಮ್ಮನ ಮಡಿಸೀರೆಯ ಅಂಚು ಕಾಣುತ್ತಿತ್ತು. ದೇವರ ಪುಟ್ಟ ಪೆಟ್ಟಿಗೆಯ ಮೂಲೆ ಬಟ್ಟೆಯನ್ನು ಉಬ್ಬಿಸಿತ್ತು.

"ಅಪ್ಪನಿಗೆ ಹೇಳಿದೀಯಾ?" ಎಂದಳು.

"ಹೇಳಿದೀನಿ. ಸಾರಿನ ಪುಡಿ ಎಲ್ಲಿದೆ ಅಂತ ಕೇಳಿದ್ರು. ಅಷ್ಟೇ."

"ನಂಗೆ ಓದೋರು ಯಾರಮ್ಮ? ಇನ್ನೂ ಮೂರು ಬಂದರಿನ ಪಟ್ಟಿ ಮೊದಲಿಂದ ನೋಡ್ಬೇಕು."

"ನಿಮ್ಮಪ್ಪ ಇದಾರೆ. ಮಧ್ಯೆ ಮಧ್ಯೆ ಮಾತಾಡ್ತಾರೆ, ತಡ್ಕೋ. ತೂಕದ ವಿಷಯ ಅವರಿಗೆ ನಂಗಿಂತ ಚೆನ್ನಾಗಿ ಗೊತ್ತು."

ಗೋಡೆಯ ಮೇಲಿನ ಕೆಂಪು ಅಂಕಿ ಬದಲಾಯಿತು. ಪಕ್ಕದ ಮುದುಕರು ಬಗ್ಗಿ ಲೀಲಾವತಿಯ ಚೀಟಿ ನೋಡಿ, ಅಮ್ಮಾ, ನಿಮ್ಮ ನಂಬರು ಬಂತು ಎಂದು ತೆಲುಗಿನಲ್ಲಿ ಹೇಳಿದರು. ಲೀಲಾವತಿ ಆ ಚೀಟಿಯನ್ನು ಅವರ ಕೈಗೇ ಕೊಟ್ಟು ಕೌಂಟರಿಗೆ ಕಳಿಸಿದರು.

ಧನಂಜಯ ಬಗ್ಗಿ ಚೀಲ ಎತ್ತಿದ. ಒಂದು ಸಲ ತೂಗಿ ನೋಡಿದ ಹಾಗೆ ಕೈ ಬದಲಿಸಿದ.

"ಎಷ್ಟು ದಿನಕ್ಕೆ ತಂದಿದೀಯಮ್ಮ ಇದನ್ನ?"

"ಅವಳು ಮುಗಿಸೋ ತನಕ," ಎಂದರು ಲೀಲಾವತಿ. ಆಮೇಲೆ ಮಗಳ ಕಡೆ ತಿರುಗಿ, "ಎರಡೂಕಾಲಿಗೆ ವಾಪಸ್ ರೈಲಿದೆ ಅಂದಿದ್ದೆಯಲ್ಲ. ಹೊರಡು," ಎಂದರು.